ಪಾಂಡಿತ್ಯದ ಇಳುವರಿ

(ಅರ್ಥಶಾಸ್ತ್ರ ಸಂಶೋಧನೆಯ ಅಳತೆಯನ್ನು ಕುರಿತು ಒಂದು ವಿಮರ್ಶೆ)

೧

ಶಿವಮೊಗ್ಗೆಯಿಂದ ಸವಳಂಗದ ಕಡೆಗೆ ಹೋಗುವ ರಸ್ತೆಯಲ್ಲಿ, ನವಿಲೆಯ ಬಳಿ, ಕೃಷಿ ಮಹಾವಿದ್ಯಾಲಯವಿದೆ. ೨೦೧೨ರಲ್ಲಿ ಸ್ಥಾಪಿತವಾದ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಅದು ಸೇರಿದ್ದು. ಆ ವಿಶ್ವವಿದ್ಯಾನಿಲಯವು ಇಂದು ಕೆಳದಿಯ ಶಿವಪ್ಪನಾಯಕನ ಹೆಸರನ್ನು ಧರಿಸಿದೆ. ಇನ್ನೊಂದು ದಿಕ್ಕಿನಲ್ಲಿ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ, ೧೯೮೭ರಲ್ಲಿ ಹುಟ್ಟಿದ ಕುವೆಂಪು ವಿಶ್ವವಿದ್ಯಾನಿಲಯವಿದೆ. ಒಂದಕ್ಕೆ ರಾಜನ ಹೆಸರು, ಇನ್ನೊಂದಕ್ಕೆ ಕವಿಯ ಹೆಸರು. ಎರಡರಲ್ಲಿಯೂ ಜನರ ಬೆಳೆ, ಬೆಲೆ, ದುಡಿಮೆ, ಸಾಲ ಇವುಗಳನ್ನು ಅಭ್ಯಾಸಮಾಡುವ ಪಂಡಿತರಿದ್ದಾರೆ. ಪಾಠ ಹೇಳುವುದು ಮಾತ್ರವೇ ಅಲ್ಲದೆ ಹೊಸ ತಿಳಿವನ್ನು ಹುಟ್ಟಿಸುವುದೂ ಅವರ ಕರ್ತವ್ಯವೆಂದು ಇಂದಿನ ನಿಯಮವು ಹೇಳುತ್ತದೆ.

ಹುಟ್ಟಿಸಿದ ತಿಳಿವು ಎಷ್ಟೆಂದು ಕೇಳುವ ಹಕ್ಕು ಪ್ರಜೆಗಳಿಗೆ ಉಂಟೆಂಬುದು ನಿರ್ವಿವಾದ. ಆದರೆ ಎಷ್ಟೆಂಬುದನ್ನು ಯಾವ ಕೊಳಗದಿಂದ ಅಳೆಯಬೇಕು? ಲೇಖನಗಳ ಸಂಖ್ಯೆಯಿಂದಲೋ? ಅವುಗಳನ್ನು ಬೇರೆಯವರು ಎಷ್ಟು ಬಾರಿ ಉಲ್ಲೇಖಿಸಿದರೆಂಬುದರಿಂದಲೋ? ಅಥವಾ ಅವು ತೀರಿಸಿದ ಸಂದೇಹದಿಂದಲೋ? ಈ ಪ್ರಶ್ನೆಯೇ ಪ್ರಸ್ತುತ ಲೇಖನದ ವಿಷಯ.

ಸಾಹಿತ್ಯದ ಮಾಸಪತ್ರಿಕೆಗೆ ಈ ಗೊಡವೆಯೇಕೆಂದು ವಾಚಕರು ಕೇಳಬಹುದು. ಅದಕ್ಕೆ ಸಮಾಧಾನಗಳು ಎರಡು. ಮೊದಲನೆಯದಾಗಿ, ಸಂಶೋಧನಪ್ರಬಂಧವೂ ಒಂದು ಕೃತಿ. ಅದಕ್ಕೂ ಪದ, ವಾಕ್ಯ, ಅನ್ವಯ, ಉದ್ದೇಶಗಳು ಉಂಟು, ಗುಣದೋಷಗಳು ಉಂಟು. ವಿಮರ್ಶೆಯಿಂದ ತಪ್ಪಿಸಿಕೊಳ್ಳುವ ವಿಶೇಷಾಧಿಕಾರ ಯಾವ ಕೃತಿಗೂ ಇಲ್ಲ. ಎರಡನೆಯದಾಗಿ, ನಮ್ಮ ನಾಡಿನಲ್ಲಿ ಅರ್ಥಚಿಂತನೆಯೂ ಸಾಹಿತ್ಯಚಿಂತನೆಯೂ ಒಂದೇ ತೊಟ್ಟಿಲಿನಲ್ಲಿ ಬೆಳೆದವು. ೧೯೧೧ರಲ್ಲಿ ವಿಶ್ವೇಶ್ವರಯ್ಯನವರ ಸೂಚನೆಯಂತೆ ಮೈಸೂರಿನಲ್ಲಿ ಸಂಪದಭ್ಯುದಯ ಸಮಾಜವು ಏರ್ಪಟ್ಟಾಗ ಅದಕ್ಕೆ ಕೃಷಿ, ಕೈಗಾರಿಕೆ-ವಾಣಿಜ್ಯ, ವಿದ್ಯೆ ಎಂದು ಮೂರು ಅಂಗಗಳಿದ್ದವು. ಆ ವಿದ್ಯಾಂಗದ ಆಲೋಚನೆಗಳಿಂದಲೇ ೧೯೧೫ರ ಸಾಹಿತ್ಯ ಪರಿಷತ್ತಿಗೆ ಬೀಜ ದೊರೆಯಿತು. ಮರುವರ್ಷವೇ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಹೀಗಿರುವಲ್ಲಿ ಒಡಹುಟ್ಟಿದವರ ಯೋಗಕ್ಷೇಮವನ್ನು ವಿಚಾರಿಸುವುದು ಅಧಿಕಪ್ರಸಂಗವಾಗಲಾರದು.

೨

ಅಳತೆಯ ಮಾತನ್ನು ಎತ್ತಿದ ಮೇಲೆ ಶಿವಪ್ಪನಾಯಕನಿಂದಲೇ ಆರಂಭಿಸುವುದು ನ್ಯಾಯ. ೧೬೪೫ರಿಂದ ೧೬೬೦ರವರೆಗೆ ಆಳಿದ ಈ ಅರಸನನ್ನು ಜನರು ಇಂದಿಗೂ ‘ಶಿಸ್ತಿನ ಶಿವಪ್ಪನಾಯಕ’ ಎಂದು ಕರೆಯುತ್ತಾರೆ. ಇಲ್ಲಿ ಶಿಸ್ತೆಂದರೆ ಭೂಕಂದಾಯದ ನಿಗದಿ. ರೈಸ್ ಸಾಹೇಬರ ಮೈಸೂರು ಗೆಜೆಟಿಯರು ಅದರ ಕ್ರಮವನ್ನು ಹೇಳುತ್ತದೆ. ಪ್ರತಿ ಗ್ರಾಮದಲ್ಲಿಯೂ ಒಂದೊಂದು ಬಗೆಯ ಭೂಮಿಗೆ ಒಂದೊಂದು ಹೊಲವನ್ನು ಆರಿಸಿ, ಹನ್ನೆರಡು ವರ್ಷಗಳ ಕಾಲ ಅರಸನು ತನ್ನ ಸ್ವಂತ ಖರ್ಚಿನಲ್ಲಿ ಸಾಗುವಳಿ ಮಾಡಿಸಿದನು. ಬಿತ್ತಿದ ಬೀಜವೆಷ್ಟು, ತಗುಲಿದ ವೆಚ್ಚವೆಷ್ಟು, ಬಂದ ಫಸಲೆಷ್ಟು, ಅದರ ಬೆಲೆಯೆಷ್ಟು ಎಂಬುದಕ್ಕೆಲ್ಲ ಲೆಕ್ಕವಿಡಿಸಿದನು. ಅನಂತರ ಹನ್ನೆರಡು ವರ್ಷಗಳ ಸರಾಸರಿಯನ್ನು ತೆಗೆದು, ಉತ್ಪತ್ತಿಯ ಮೂರನೆಯ ಒಂದು ಪಾಲನ್ನು ಸರ್ಕಾರದ ಭಾಗವೆಂದು ಗೊತ್ತುಮಾಡಿದನು.

ಇದರಲ್ಲಿ ಶಾಸ್ತ್ರವೇನುಂಟೆಂದು ಕೇಳುವವರು ಸ್ವಲ್ಪ ನಿಂತು ನೋಡಬೇಕು. ಪ್ರಶ್ನೆ ಸ್ಪಷ್ಟವಾಗಿದೆ: ರೈತನು ಕೆಡದಂತೆ ಎಷ್ಟು ಕಂದಾಯವನ್ನು ಕೊಡಬಲ್ಲನು? ಮಾದರಿಯ ಆಯ್ಕೆಯಿದೆ, ಮಣ್ಣಿನ ಭೇದವನ್ನು ಮರೆತಿಲ್ಲ. ಒಂದು ವರ್ಷದ ಸುಭಿಕ್ಷದಿಂದಲೋ ಒಂದು ವರ್ಷದ ಕ್ಷಾಮದಿಂದಲೋ ಮೋಸಹೋಗದಿರಲು ಸಾಕಾದಷ್ಟು ಕಾಲವಿದೆ. ಫಸಲನ್ನು ಮಾತ್ರವೇ ಅಲ್ಲದೆ ವೆಚ್ಚವನ್ನೂ ಎಣಿಸಿದೆ. ಇಂದಿನ ಕೃಷಿ ಅರ್ಥಶಾಸ್ತ್ರದ ತರಗತಿಯಲ್ಲಿ ಹೇಳಿಕೊಡುವ ವಿಧಾನದ ಅಂಗಗಳೆಲ್ಲವೂ ಇಲ್ಲಿವೆ. ಇಷ್ಟೆಲ್ಲ ನಡೆದ ಮೇಲೆ ಹೊರಬಂದದ್ದು ಒಂದೇ ಫಲಿತಾಂಶ. ಅದು ಪ್ರತಿ ಮನೆಯನ್ನೂ ಮುಟ್ಟಿತು. ನಿಗದಿಮಾಡಿದವನ ಹೆಸರಿನ ಹಿಂದೆ ಬಿರುದಾಗಿ ನಿಂತಿತು. ಅರಸನಿಗೆ ಇದರಿಂದ ಬೊಕ್ಕಸ ತುಂಬುವ ಸ್ವಾರ್ಥವೂ ಇತ್ತೆಂಬುದು ನಿಜವೇ. ಆದರೆ ಆ ಸ್ವಾರ್ಥವು ಸತ್ಯವನ್ನು ಅರಿಯದೆ ಸಾಧ್ಯವಾಗದೆಂಬ ವಿವೇಕ ಅವನಿಗಿದ್ದಿತು.

೩

ನಮ್ಮ ಕಾಲಕ್ಕೆ ಸಮೀಪದ ಕೃತಿಗಳನ್ನು ಈಗ ಕ್ರಮವಾಗಿ ನೋಡೋಣ. ೧೯೩೪ರಲ್ಲಿ ವಿಶ್ವೇಶ್ವರಯ್ಯನವರು ಭಾರತದ ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತ ತಮ್ಮ ಇಂಗ್ಲಿಷ್ ಗ್ರಂಥವನ್ನು ಹೊರತಂದರು. ಕಟ್ಟುನಿಟ್ಟಾಗಿ ಹೇಳುವುದಾದರೆ ಅದು ಸಂಶೋಧನೆಯಲ್ಲ, ಸಂಕಲ್ಪ. ಅದರಲ್ಲಿ ಅಂಕಿಗಳು ಸಾಕ್ಷಿಗಳಾಗಿ ಬರುವುದಕ್ಕಿಂತ ಹೆಚ್ಚಾಗಿ ಗುರಿಗಳಾಗಿ ಬರುತ್ತವೆ. ಭದ್ರಾವತಿಯಲ್ಲಿ ೧೯೨೩ರಲ್ಲಿ ಕಬ್ಬಿಣವನ್ನು ಕರಗಿಸತೊಡಗಿದ ಕಾರ್ಖಾನೆಯನ್ನು ನಡೆಸಿದ ಅನುಭವ ಅವರಿಗಿದ್ದುದರಿಂದ ಆ ಸಂಕಲ್ಪಕ್ಕೆ ತೂಕವುಂಟು. ಆದರೆ ವಿಮರ್ಶಕನು ಗೌರವದೊಡನೆಯೇ ಭೇದವನ್ನು ಕಾಣಿಸಬೇಕು: ಆಗಬೇಕಾದುದನ್ನು ಹೇಳುವುದು ಒಂದು, ಇರುವುದನ್ನು ಕಂಡುಹಿಡಿಯುವುದು ಇನ್ನೊಂದು.

ಇರುವುದನ್ನು ಕಂಡುಹಿಡಿಯುವ ಕೆಲಸಕ್ಕೆ ಉತ್ತಮ ಮಾದರಿ ವಿ. ಕೆ. ಆರ್. ವಿ. ರಾವ್ ಅವರದು. ೧೯೩೧–೩೨ನೆಯ ವರ್ಷದ ಬ್ರಿಟಿಷ್ ಇಂಡಿಯಾದ ರಾಷ್ಟ್ರೀಯ ವರಮಾನವನ್ನು ಕುರಿತ ಅವರ ಗ್ರಂಥವು ೧೯೪೦ರಲ್ಲಿ ಪ್ರಕಟವಾಯಿತು. ದೇಶದ ಒಂದು ವರ್ಷದ ವರಮಾನವೆಷ್ಟೆಂಬ ಒಂದೇ ಪ್ರಶ್ನೆ. ಅದಕ್ಕೆ ಬೆಳೆ, ಗಣಿ, ಕಾರ್ಖಾನೆ, ಕಸಬು, ಸೇವೆಗಳನ್ನೆಲ್ಲ ಬೇರೆಬೇರೆಯಾಗಿ ಎಣಿಸಬೇಕಾಯಿತು. ಉತ್ಪತ್ತಿಯ ಲೆಕ್ಕ ದೊರೆತ ಕಡೆ ಉತ್ಪತ್ತಿಯನ್ನೂ, ಅದು ದೊರೆಯದ ಕಡೆ ಸಂಪಾದನೆಯನ್ನೂ ಆಧಾರಮಾಡಿಕೊಂಡರು. ತಮ್ಮ ಅಂದಾಜು ಎಷ್ಟು ಹೆಚ್ಚುಕಡಿಮೆಯಾಗಬಹುದೆಂಬುದನ್ನೂ ಹೇಳಿದರು. ತನ್ನ ಲೆಕ್ಕದ ಸಡಿಲನ್ನು ತಾನೇ ತೋರಿಸುವ ಈ ಗುಣವನ್ನು ಶಾಸ್ತ್ರದ ಶೀಲವೆನ್ನಬೇಕು. ಇದೇ ವಿದ್ವಾಂಸರು ೧೯೪೯ರಲ್ಲಿ ದಿಲ್ಲಿಯ ಅರ್ಥಶಾಸ್ತ್ರ ವಿದ್ಯಾಪೀಠವನ್ನೂ, ೧೯೭೨ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನೂ ಕಟ್ಟಿದರು. ಇತರರು ಸಂಶೋಧನೆ ಮಾಡುವಂತೆ ಮನೆಗಳನ್ನು ಕಟ್ಟಿದವನ ಇಳುವರಿಯನ್ನು ಯಾವ ಕಲಮಿನಲ್ಲಿ ಬರೆಯುವುದು?

ಮೂರನೆಯದು ಹೊರನಾಡಿನಿಂದ ಬಂದ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿಯ ಕೃತಿ. ಈಕೆ ೧೯೫೦ರ ದಶಕದ ನಡುವಿನಲ್ಲಿ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿ ನೆಲಸಿ, ಅವುಗಳಿಗೆ ‘ವಂಗಲ’, ‘ದಲೆನ’ ಎಂಬ ಮರೆಹೆಸರುಗಳನ್ನಿಟ್ಟು, ೧೯೬೨ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಒಂದು ಹಳ್ಳಿಗೆ ಕಾಲುವೆಯ ನೀರು ಬಂದಿತ್ತು. ಇನ್ನೊಂದು ಒಣಗಿಯೇ ಉಳಿದಿತ್ತು. ನೀರು ಬಂದ ಊರೇ ಹೆಚ್ಚು ಬದಲಾಗಿರಬೇಕೆಂದು ಯಾರಾದರೂ ಊಹಿಸುವರು. ಈಕೆ ಕಂಡದ್ದು ಬೇರೆ. ನೀರು ಬಂದ ಊರಿನವರು ಕಬ್ಬು ಬೆಳೆದು ಧನಿಕರಾದರು, ಆದರೆ ಬೇಸಾಯವನ್ನೂ ಹಳೆಯ ನಡೆವಳಿಯನ್ನೂ ಬಿಡಲಿಲ್ಲ. ನೀರಿಲ್ಲದ ಊರಿನವರು ಪೇಟೆಯ ಕೆಲಸ, ವ್ಯಾಪಾರ, ಗಾಡಿ ಮುಂತಾದವುಗಳಿಗೆ ಕೈಹಾಕಿದ್ದರಿಂದ ಅಲ್ಲಿಯ ಸಮಾಜವೇ ಹೆಚ್ಚು ಅಲುಗಾಡಿತು. ಊಹೆಯನ್ನು ತಲೆಕೆಳಗು ಮಾಡುವ ಇಂತಹ ಮಾತು ಎರಡು ದಿನದ ಪ್ರಶ್ನಾವಳಿಯಿಂದ ದೊರೆಯತಕ್ಕದ್ದಲ್ಲ. ಅದಕ್ಕೆ ಊರಿನಲ್ಲಿ ನೆಲಸಬೇಕು; ಅಲ್ಲಿಯ ಜಗುಲಿಯಲ್ಲಿ ಕುಳಿತಿರಬೇಕು. ಇದನ್ನು ನಮಗೆ ತೋರಿಸಿಕೊಟ್ಟವರು ಕನ್ನಡಿಗರಲ್ಲವೆಂಬುದು ಸಂಕೋಚದ ವಿಷಯವಲ್ಲವಾದರೂ ಯೋಚನೆಯ ವಿಷಯ.

ನಾಲ್ಕನೆಯದು ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಸಮಿತಿ ೨೦೦೨ರಲ್ಲಿ ಒಪ್ಪಿಸಿದ ಪ್ರಾದೇಶಿಕ ಅಸಮತೋಲನದ ವರದಿ. ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಘಟಕವಾಗಿ ಹಿಡಿದುದು ಅದರ ಮುಖ್ಯ ಗುಣ. ೩೫ ಸೂಚಕಗಳನ್ನು ಕೂಡಿಸಿ, ಅಂದಿನ ೧೭೫ ತಾಲ್ಲೂಕುಗಳಲ್ಲಿ ೧೧೪ ಹಿಂದುಳಿದವೆಂದೂ, ಅವುಗಳಲ್ಲಿ ೩೯ ಅತ್ಯಂತ ಹಿಂದುಳಿದವೆಂದೂ ಅದು ತೋರಿಸಿತು. ಮೂವತ್ತೈದನ್ನು ಒಂದಾಗಿ ಕುಟ್ಟಿದ ಸೂಚ್ಯಂಕದಲ್ಲಿ ಕೆಲವು ಸತ್ಯಗಳು ಪುಡಿಯಾಗಿ ಹೋಗುತ್ತವೆಂಬ ಆಕ್ಷೇಪಣೆಗೆ ಅವಕಾಶವುಂಟು. ಆದರೂ ಆ ವರದಿ ಬಂದ ಮೇಲೆ ಕರ್ನಾಟಕದಲ್ಲಿ ಹಿಂದುಳಿದಿರುವಿಕೆಯ ಮಾತನ್ನಾಡುವವರೆಲ್ಲ ಅದರ ಭಾಷೆಯಲ್ಲಿಯೇ ಆಡಬೇಕಾಯಿತು.

ಈ ಹಿರಿಯರು ಬೇರೆ ಏನನ್ನೂ ಬರೆಯಲಿಲ್ಲವೆಂದಲ್ಲ. ಅವರ ಹೆಸರು ಉಳಿದದ್ದು ಸಂಖ್ಯೆಯಿಂದಲ್ಲ, ಒಂದೊಂದು ಗಟ್ಟಿಯಾದ ಪ್ರಶ್ನೆಯಿಂದ ಎಂಬುದಷ್ಟೇ ನಮ್ಮ ಮಾತು. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂದು ನಮ್ಮ ಹಿರಿಯರು ಹೇಳುವುದು ಬರಿದೇ ಅಲ್ಲ.

೪

ಇನ್ನು ಇಂದಿನ ಕೊಳಗವನ್ನು ಪರೀಕ್ಷಿಸೋಣ. ೨೦೧೦ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಅಧ್ಯಾಪಕರ ನೇಮಕ ಮತ್ತು ಬಡ್ತಿಗಳಿಗೆ ಅಂಕಗಳ ಪದ್ಧತಿಯನ್ನು ತಂದಿತು. ೨೦೧೮ರ ನಿಯಮಾವಳಿ ಅದನ್ನು ತಿದ್ದಿತು. ಅದರ ಕೋಷ್ಟಕದಂತೆ ಸಮಾಜವಿಜ್ಞಾನದ ಒಂದು ಸಂಶೋಧನಲೇಖನಕ್ಕೆ ೧೦ ಅಂಕ. ಭಾರತದ ಪ್ರಕಾಶಕರು ಹೊರತಂದ ಒಂದು ಇಡೀ ಗ್ರಂಥಕ್ಕೂ ೧೦ ಅಂಕ. ಇಡೀ ಗ್ರಂಥವನ್ನು ಭಾಷಾಂತರಿಸಿದರೆ ೮. ಹತ್ತು ಪುಟದ ಲೇಖನವೂ ನಾನೂರು ಪುಟದ ಗ್ರಂಥವೂ ತಕ್ಕಡಿಯಲ್ಲಿ ಸಮನಾಗಿ ನಿಲ್ಲುವ ಈ ವ್ಯವಸ್ಥೆಯಲ್ಲಿ ಗ್ರಂಥವನ್ನು ಬರೆಯುವವನು ವ್ಯವಹಾರ ತಿಳಿಯದವನೆಂದೇ ಅರ್ಥ.

ಇದಕ್ಕಿಂತ ವಿಚಿತ್ರವಾದುದು ಕೂಡಿ ಬರೆದ ಲೇಖನದ ಗಣಿತ. ಲೇಖಕರು ಇಬ್ಬರಾದರೆ ಒಬ್ಬೊಬ್ಬರಿಗೂ ನೂರಕ್ಕೆ ಎಪ್ಪತ್ತರ ಪಾಲು. ಇಬ್ಬರಿಗಿಂತ ಹೆಚ್ಚಾದರೆ ಮೊದಲನೆಯವನಿಗೆ ಎಪ್ಪತ್ತು, ಉಳಿದ ಒಬ್ಬೊಬ್ಬರಿಗೂ ಮೂವತ್ತು. ಆದುದರಿಂದ ಹತ್ತು ಅಂಕದ ಲೇಖನವನ್ನು ಇಬ್ಬರು ಬರೆದರೆ ಲೋಕಕ್ಕೆ ಹದಿನಾಲ್ಕು ಅಂಕ ಬರುತ್ತದೆ; ಐವರು ಬರೆದರೆ ಹತ್ತೊಂಬತ್ತು; ಹತ್ತು ಮಂದಿ ಸೇರಿದರೆ ಮೂವತ್ತನಾಲ್ಕು. ಅಂಗಡಿಯಲ್ಲಿ ಹತ್ತು ಸೇರು ಅಕ್ಕಿಯನ್ನು ಹಂಚಿ ಮೂವತ್ತನಾಲ್ಕು ಸೇರಾಗಿಸುವ ವಿದ್ಯೆ ಇನ್ನೂ ಯಾರಿಗೂ ಒಲಿದಿಲ್ಲ. ಅರ್ಥಶಾಸ್ತ್ರದ ಪಂಡಿತರಿಗಾದರೂ ಈ ಲೆಕ್ಕವು ನಗೆಯನ್ನು ತರಿಸಬೇಕಾಗಿತ್ತು. ಇದೇ ಕೋಷ್ಟಕಕ್ಕೆ ಶಿವಪ್ಪನಾಯಕನು ತನ್ನ ಹನ್ನೆರಡು ವರ್ಷದ ಶಿಸ್ತನ್ನು ಒಂದು ಪ್ರಬಂಧವಾಗಿ ಬರೆದು ಒಪ್ಪಿಸಿದ್ದರೆ ಅವನಿಗೆ ವರ್ಷಕ್ಕೆ ಒಂದು ಅಂಕವೂ ಬೀಳುತ್ತಿರಲಿಲ್ಲ.

ಬೇಡಿಕೆ ಹುಟ್ಟಿದಲ್ಲಿ ಸರಬರಾಯಿ ಹುಟ್ಟುವುದು ಅರ್ಥಶಾಸ್ತ್ರದ ಮೊದಲ ಪಾಠ. ೨೦೦೯ರ ನಿಯಮದಿಂದ ಮೊದಲ್ಗೊಂಡು ಪಿಎಚ್.ಡಿ. ಪ್ರಬಂಧವನ್ನು ಒಪ್ಪಿಸುವ ಮುನ್ನ ಲೇಖನವೊಂದನ್ನು ಪ್ರಕಟಿಸುವುದು ಕಡ್ಡಾಯವಾಗಿದ್ದಿತು. ೨೦೨೨ರಲ್ಲಿ ಆ ಕಡ್ಡಾಯವನ್ನು ತೆಗೆದರು. ಈ ನಡುವೆ ದುಡ್ಡು ಕೊಟ್ಟವರ ಲೇಖನವನ್ನು ಓದದೆಯೇ ಅಚ್ಚುಹಾಕುವ ಪತ್ರಿಕೆಗಳು ಮಳೆಗಾಲದ ಅಣಬೆಗಳಂತೆ ಎದ್ದವು. ೨೦೧೭ರಲ್ಲಿ ಆಯೋಗವು ಒಪ್ಪಿಗೆಯ ಪಟ್ಟಿಯೆಂದು ಪ್ರಕಟಿಸಿದುದರಲ್ಲಿ ೩೮,೬೫೩ ಪತ್ರಿಕೆಗಳಿದ್ದವು. ಮರುವರ್ಷ ಅದರಿಂದ ೪,೩೦೫ನ್ನು ಕಿತ್ತುಹಾಕಬೇಕಾಯಿತು. ಅದೇ ೨೦೧೮ರಲ್ಲಿ ಭೂಷಣ ಪಟವರ್ಧನರೂ ಸಂಗಡಿಗರೂ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ವಿಶ್ವವಿದ್ಯಾನಿಲಯಗಳ ಶಿಫಾರಸಿನ ಮೇಲೆ ಪಟ್ಟಿಗೆ ಸೇರಿದ ಪತ್ರಿಕೆಗಳಲ್ಲಿ ಅವರು ಪರೀಕ್ಷಿಸಿದವುಗಳ ಪೈಕಿ ನೂರಕ್ಕೆ ೮೮ಕ್ಕಿಂತ ಹೆಚ್ಚು ಕೀಳ್ಮಟ್ಟದವಾಗಿರಬಹುದೆಂದು ಕಂಡಿತು. ಶಿಫಾರಸು ಮಾಡಿದವರು ಯಾರೋ ದಾರಿಹೋಕರಲ್ಲ, ವಿಶ್ವವಿದ್ಯಾನಿಲಯಗಳೇ ಎಂಬುದನ್ನು ಗಮನಿಸಬೇಕು. ೨೦೧೯ರಲ್ಲಿ ಬಂದ ಇನ್ನೊಂದು ಪಟ್ಟಿಯನ್ನೂ ೨೦೨೫ರಲ್ಲಿ ಕೈಬಿಡಲಾಯಿತು. ೨೦೨೫ರ ಜನವರಿಯಲ್ಲಿ ಆಯೋಗವು ಹೊರಡಿಸಿದ ಕರಡಿನಲ್ಲಿ ಅಂಕಗಳ ಪದ್ಧತಿಯನ್ನೇ ಬಿಟ್ಟು, ಭಾರತೀಯ ಭಾಷೆಗಳಲ್ಲಿ ಪಾಠ ಹೇಳುವುದೇ ಮೊದಲಾದ ವಿಶೇಷ ಸೇವೆಗಳನ್ನು ಗಣನೆಗೆ ತರಬೇಕೆಂಬ ಸೂಚನೆಯಿದ್ದಿತು. ಕೊಳಗ ಸರಿಯಿಲ್ಲವೆಂದು ಅಳೆದವರಿಗೇ ತೋರಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇದರಲ್ಲಿ ನಷ್ಟ ಯಾರಿಗೆ? ಹಿರಿಯ ಪದವಿಯಲ್ಲಿರುವವರಿಗಲ್ಲ. ಮನೆತನದಲ್ಲಿ ಮೊದಲ ಬಾರಿಗೆ ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಹತ್ತಿದ ಸೊರಬದ ಕಡೆಯ ತರುಣಿಯೊಬ್ಬಳನ್ನೋ ಹೊಸನಗರದ ಕಡೆಯ ತರುಣನೊಬ್ಬನನ್ನೋ ನೆನೆಯಿರಿ. ಕೈಗೆ ಬರುವ ವಿದ್ಯಾರ್ಥಿವೇತನದಲ್ಲಿ ಸ್ವಲ್ಪವನ್ನು ಊರಿಗೆ ಕಳುಹಿಸಿ, ಉಳಿದುದರಲ್ಲಿ ಪತ್ರಿಕೆಯ ‘ಪ್ರಕಟಣಶುಲ್ಕ’ವನ್ನು ಕಟ್ಟಬೇಕಾದ ಅವಸ್ಥೆ ಅವರದು. ಕಟ್ಟದಿದ್ದರೆ ಪದವಿ ತಡ. ಕಟ್ಟಿದರೆ ಕೆಲವು ವರ್ಷಗಳಲ್ಲಿ ಆ ಪತ್ರಿಕೆಯೇ ಕಪ್ಪುಪಟ್ಟಿಗೆ ಸೇರಿ ಲೇಖನವೇ ಕಳಂಕವಾಗುವ ಸಂಭವ. ಸತ್ಯವನ್ನು ಹುಡುಕಲು ಬಂದವರಿಗೆ ಮೊದಲು ಕಲಿಸಿದ್ದು ರಶೀದಿ ಪಡೆಯುವುದನ್ನು.

೫

ಈಗ ಪೂರ್ವಪಕ್ಷವನ್ನು ಅದಕ್ಕೆ ಸಲ್ಲತಕ್ಕ ಬಲದೊಡನೆ ಹೇಳಬೇಕು. ಅಂಕವಿಲ್ಲದ ಕಾಲದಲ್ಲಿ ಏನು ನಡೆಯುತ್ತಿದ್ದಿತು? ಶಿಫಾರಸು, ಜಾತಿ, ನಂಟು, ಮುಖಸ್ತುತಿ. ಒಮ್ಮೆ ಪ್ರಾಧ್ಯಾಪಕಪೀಠವನ್ನೇರಿದವರು ನಿವೃತ್ತರಾಗುವವರೆಗೆ ಒಂದು ಸಾಲು ಬರೆಯದಿದ್ದರೂ ಕೇಳುವವರಿರಲಿಲ್ಲ. ಲೆಕ್ಕವು ಕುರುಡಾದರೂ ಅದಕ್ಕೆ ಮುಖದಾಕ್ಷಿಣ್ಯವಿಲ್ಲ. ಹೆಸರಿಲ್ಲದ ಮನೆಯ ಮಕ್ಕಳಿಗೆ ಅದೇ ಆಸರೆ. ಇದು ಪೂರ್ವಪಕ್ಷ. ಇದರಲ್ಲಿ ನಿಜವಿದೆ, ಅದನ್ನು ಅಲ್ಲಗಳೆಯುವವನು ನಮ್ಮ ಸಂಸ್ಥೆಗಳ ಚರಿತ್ರೆಯನ್ನು ಅರಿಯದವನು.

ಆದುದರಿಂದ ನಮ್ಮ ವಾದವು ಎಣಿಸಬಾರದೆಂದಲ್ಲ, ಎಣಿಕೆಯನ್ನೇ ತೀರ್ಪೆಂದು ತಿಳಿಯಬಾರದೆಂದು. ಅದಕ್ಕೆ ಮೂರು ಕಾರಣಗಳು.

ಒಂದು, ವಿದ್ವತ್ತಿನ ಇಳುವರಿ ಸಮನಾಗಿ ಹರಡಿದುದಲ್ಲ. ಆಲ್ಫ್ರೆಡ್ ಲೋಟ್ಕಾ ಎಂಬವರು ೧೯೨೬ರಲ್ಲಿ ರಸಾಯನ ಮತ್ತು ಭೌತಶಾಸ್ತ್ರಗಳ ಲೇಖಕರನ್ನು ಎಣಿಸಿ ಒಂದು ನಿಯಮವನ್ನು ಕಂಡರು: ಒಂದೇ ಲೇಖನ ಬರೆದವರು ನೂರು ಮಂದಿಯಾದರೆ ಎರಡು ಬರೆದವರು ಸುಮಾರು ಇಪ್ಪತ್ತೈದು, ಮೂರು ಬರೆದವರು ಹನ್ನೊಂದು. ಹತ್ತು ಮಂದಿಯ ವಿಭಾಗದಲ್ಲಿ ಒಬ್ಬರು ನಲವತ್ತು ಬರೆದು ಉಳಿದವರು ಒಂದನ್ನೂ ಬರೆಯದಿದ್ದರೂ ಸರಾಸರಿ ತಲೆಗೆ ನಾಲ್ಕಾಗುತ್ತದೆ. ಆ ನಾಲ್ಕೆಂಬುದು ಆ ವಿಭಾಗದಲ್ಲಿ ಯಾರ ಮುಖವನ್ನೂ ಹೋಲುವುದಿಲ್ಲ. ವಿಶ್ವವಿದ್ಯಾನಿಲಯಗಳನ್ನು ಸರಾಸರಿಯಿಂದ ಸಾಲಾಗಿ ನಿಲ್ಲಿಸುವವರು ಇದನ್ನು ಮರೆಯಬಾರದು.

ಎರಡು, ಉಲ್ಲೇಖದ ಲೆಕ್ಕವು ಓದುಗರ ಕುತೂಹಲದ ಲೆಕ್ಕ. ಆ ಕುತೂಹಲವೂ ಸಂಪತ್ತಿನ ಹಿಂದೆ ಹೋಗುತ್ತದೆ. ಜಿಷ್ಣು ದಾಸ್ ಮತ್ತು ಮೂವರು ಸಂಗಡಿಗರು ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಚೆನ್ನಾಗಿ ತೋರಿಸಿದೆ. ಇಪ್ಪತ್ತು ವರ್ಷಗಳ ಅರ್ಥಶಾಸ್ತ್ರ ಪತ್ರಿಕೆಗಳನ್ನು ಅವರು ಜಾಲಾಡಿದಾಗ ಅಮೆರಿಕ ಸಂಯುಕ್ತ ಸಂಸ್ಥಾನವನ್ನು ಕುರಿತು ೩೬,೦೦೦ಕ್ಕೂ ಮಿಕ್ಕ ಲೇಖನಗಳು ದೊರೆತವು. ಮಾಲಿ ದೇಶವನ್ನು ಕುರಿತು ೨೭, ಕಾಂಬೋಡಿಯವನ್ನು ಕುರಿತು ೯, ಬುರುಂಡಿಯನ್ನು ಕುರಿತು ಕೇವಲ ೪. ಅಷ್ಟೇ ಅಲ್ಲದೆ, ಅಮೆರಿಕವನ್ನು ಕುರಿತ ಲೇಖನಗಳಿಗೆ ಅಗ್ರಪಂಕ್ತಿಯ ಐದು ಪತ್ರಿಕೆಗಳಲ್ಲಿ ಸ್ಥಳ ದೊರೆಯುವ ಸಂಭವವೂ ಹೆಚ್ಚು. ಹೀಗಿರುವಾಗ ತೀರ್ಥಹಳ್ಳಿಯ ತೋಟಗಳನ್ನು ಕುರಿತು ಎಷ್ಟು ಎಚ್ಚರದಿಂದ ಬರೆದರೂ ಅದನ್ನು ಉಲ್ಲೇಖಿಸುವವರು ಬಾಸ್ಟನ್ನಿನಲ್ಲಿ ಎಷ್ಟು ಮಂದಿ ಸಿಕ್ಕಾರು? ಉಲ್ಲೇಖವಿಲ್ಲದ ಮಾತ್ರಕ್ಕೆ ಅದು ಬೆಲೆಯಿಲ್ಲದ್ದೆಂದು ಹೇಳಿದರೆ, ಇಲ್ಲಿಯ ವಿದ್ವಾಂಸನು ಇಲ್ಲಿಯ ಪ್ರಶ್ನೆಯನ್ನು ಬಿಟ್ಟು ಅಲ್ಲಿಯ ಪ್ರಶ್ನೆಗೆ ಇಲ್ಲಿಯ ಅಂಕಿಗಳನ್ನು ಒದಗಿಸುವ ಗುಮಾಸ್ತನಾಗುತ್ತಾನೆ.

ಮೂರು, ಜನಕ್ಕೆ ತಿಳಿಯುವಂತೆ ಹೇಳಿದ್ದಕ್ಕೆ ಈ ಲೆಕ್ಕದಲ್ಲಿ ಸ್ಥಾನವೇ ಇಲ್ಲ. ೨೦೧೬ರಲ್ಲಿ ಆರಂಭವಾದ ರಾಷ್ಟ್ರೀಯ ಶ್ರೇಣಿಯಲ್ಲಿ ಬೋಧನೆಗೆ ೩೦, ಸಂಶೋಧನೆಗೆ ೩೦, ವಿದ್ಯಾರ್ಥಿಗಳ ಫಲಿತಾಂಶಕ್ಕೆ ೨೦, ಎಲ್ಲ ವರ್ಗಗಳವರನ್ನೂ ಸೇರಿಸಿಕೊಂಡುದಕ್ಕೆ ೧೦, ಹೊರಗಿನವರ ಅಭಿಪ್ರಾಯಕ್ಕೆ ೧೦ ಎಂದು ಹಂಚಿಕೆಯಾಗಿತ್ತು. ತನ್ನ ಜಿಲ್ಲೆಯ ಜನರಿಗೆ ಏನನ್ನು ತಿಳಿಸಿತೆಂಬ ಕಲಮು ಈ ಐದರಲ್ಲಿ ಕಾಣಲಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾನಿಲಯದ ಅಭಿವೃದ್ಧಿ ಅಧ್ಯಯನ ವಿಭಾಗದಲ್ಲಿದ್ದ ಟಿ. ಆರ್. ಚಂದ್ರಶೇಖರ ಅವರಂಥವರು ಅರ್ಥಶಾಸ್ತ್ರದ ಗಹನ ವಿಷಯಗಳನ್ನು ಕನ್ನಡದಲ್ಲಿ ಗ್ರಂಥ ಗ್ರಂಥವಾಗಿ ಬರೆದರು. ಅಂತರರಾಷ್ಟ್ರೀಯ ಸೂಚಿಗಳು ಅವುಗಳನ್ನು ಕಾಣವು. ಕಾಣದಿರುವುದು ಸೂಚಿಯ ದೋಷ, ಗ್ರಂಥದ ದೋಷವಲ್ಲ.

೬

ಕೊಳಗದ ದೋಷವನ್ನು ಹೇಳಿದುದಾಯಿತು. ಧಾನ್ಯದ ದೋಷವನ್ನೂ ಹೇಳದಿದ್ದರೆ ವಿಮರ್ಶೆ ಪಕ್ಷಪಾತವಾಗುತ್ತದೆ. ಪಿಎಚ್.ಡಿ. ಪ್ರಬಂಧಗಳನ್ನು ಇಂದು ‘ಶೋಧಗಂಗಾ’ ಎಂಬ ಭಂಡಾರದಲ್ಲಿ ಯಾರು ಬೇಕಾದರೂ ಮನೆಯಲ್ಲಿ ಕುಳಿತು ಓದಬಹುದು. ಯಾವುದೋ ಒಂದು ವಿಶ್ವವಿದ್ಯಾನಿಲಯದ್ದಲ್ಲದೆ ಸಾಮಾನ್ಯವಾಗಿ ಕಾಣುವ ಒಂದು ಜಾತಿಯ ಪ್ರಬಂಧವುಂಟು. ಮೊದಲ ಅಧ್ಯಾಯದಲ್ಲಿ ವಿಷಯದ ಮಹತ್ತ್ವ. ಎರಡನೆಯದರಲ್ಲಿ ಹಿಂದಿನವರು ಹೇಳಿದುದರ ಸರಮಾಲೆ, ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ಸಂಬಂಧವಿಲ್ಲದಂತೆ. ಮೂರನೆಯದರಲ್ಲಿ ಜಿಲ್ಲೆಯ ಪರಿಚಯ, ಮಳೆಯ ಪ್ರಮಾಣದಿಂದ ಹಿಡಿದು ದೇವಸ್ಥಾನಗಳವರೆಗೆ. ನಾಲ್ಕನೆಯದರಲ್ಲಿ ಕೋಷ್ಟಕಗಳು, ಅವುಗಳ ಕೆಳಗೆ ಅದೇ ಅಂಕಿಗಳನ್ನು ಅಕ್ಷರಗಳಲ್ಲಿ ಹೇಳುವ ವಾಕ್ಯಗಳು. ಕೊನೆಯಲ್ಲಿ ಸರ್ಕಾರವು ಹೆಚ್ಚಿನ ಗಮನ ಕೊಡಬೇಕೆಂಬ ಸಲಹೆ. ಪ್ರಬಂಧವನ್ನು ಬರೆಯುವ ಮುನ್ನವೇ ಗೊತ್ತಿದ್ದುದನ್ನು ಬರೆದ ಮೇಲೂ ಹೇಳುವುದಾದರೆ ನಡುವಿನ ಶ್ರಮವೇತಕ್ಕೆ?

ನಮ್ಮ ಆಲಂಕಾರಿಕರು ಕಾವ್ಯಕ್ಕೆ ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸಗಳೆಂದು ಮೂರು ಹೇತುಗಳನ್ನು ಹೇಳಿದ್ದಾರೆ. ಸಂಶೋಧನೆಗೂ ಇವೇ ಮೂರು ಸಲ್ಲುತ್ತವೆ. ಪ್ರಶ್ನೆಯನ್ನು ಕಾಣುವುದು ಪ್ರತಿಭೆ. ಹಿಂದಿನವರನ್ನೂ ಲೋಕವನ್ನೂ ಬಲ್ಲುದು ವ್ಯುತ್ಪತ್ತಿ. ಅಂಕಿಗಳೊಡನೆ ತಾಳ್ಮೆಯಿಂದ ಪಳಗುವುದು ಅಭ್ಯಾಸ. ಮೇಲೆ ಹೇಳಿದ ಜಾತಿಯ ಪ್ರಬಂಧದಲ್ಲಿ ಮೂರನೆಯದರ ಹೊರರೂಪ ಮಾತ್ರ ಕಾಣುತ್ತದೆ.

ಅಭ್ಯಾಸವೂ ಹೊರರೂಪವಾದರೆ ಏನಾಗುವುದೆಂಬುದಕ್ಕೆ ಇದೇ ರಸ್ತೆಯ ಕೊನೆಯಿಂದ ಒಂದು ನಿದರ್ಶನವನ್ನು ಕೊಡಬಹುದು. ಸವಳಂಗವು ಹಿಂದೆ ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದಿತು. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯು ರಚಿತವಾದಾಗ ಹೊನ್ನಾಳಿಯೂ ಚನ್ನಗಿರಿಯೂ ಅದಕ್ಕೆ ಹೋದವು. ಚನ್ನಗಿರಿಯಾದರೋ ಅಡಕೆಗೆ ಹೆಸರಾದ ಸೀಮೆ. ಒಬ್ಬ ವಿದ್ಯಾರ್ಥಿಯು ಶಿವಮೊಗ್ಗ ಜಿಲ್ಲೆಯ ಮೂವತ್ತು ವರ್ಷಗಳ ಅಡಕೆಯ ಅಂಕಿಗಳನ್ನು ಸಾಲಾಗಿ ಬರೆದು ಗೆರೆಯೆಳೆದನೆಂದು ಇಟ್ಟುಕೊಳ್ಳೋಣ. ಗಡಿ ಬದಲಾದ ಕಡೆ ತೋಟದ ವಿಸ್ತೀರ್ಣ ಇದ್ದಕ್ಕಿದ್ದಂತೆ ತಗ್ಗಿದಂತೆ ಕಾಣುವುದು. ಆತನು ಅದಕ್ಕೆ ಬೆಲೆಯ ಕುಸಿತವನ್ನೋ ರೋಗವನ್ನೋ ಕೂಲಿಯ ಅಭಾವವನ್ನೋ ಕಾರಣವಾಗಿ ಹೇಳಿಯಾನು. ಗಣಿತದ ಪರೀಕ್ಷೆಗಳೆಲ್ಲ ಅವನಿಗೆ ಸಾಕ್ಷಿ ನುಡಿದಾವು. ನಿಜವಾಗಿ ಆದದ್ದಿಷ್ಟೇ: ಮರಗಳು ಇದ್ದಲ್ಲಿಯೇ ಇದ್ದವು, ಗಡಿಯ ಕಲ್ಲು ನಡೆದುಹೋಯಿತು. ತಾಲ್ಲೂಕಿನ ಅಂಕಿಗಳಿಂದ ಹಳೆಯ ಎಲ್ಲೆಯನ್ನು ಮತ್ತೆ ಕೂಡಿಸಿ ಲೆಕ್ಕಹಾಕುವುದು ವಾರಗಟ್ಟಲೆಯ ಕೆಲಸ. ಆ ಕೆಲಸಕ್ಕೆ ಯಾವ ಕೋಷ್ಟಕದಲ್ಲಿಯೂ ಅಂಕವಿಲ್ಲ. ಆದರೆ ಅದನ್ನು ಮಾಡಿದವನೇ ಸಂಶೋಧಕ.

ಪ್ರಶ್ನೆಗಳಿಗೆ ಇಲ್ಲಿ ಬರವಿದೆಯೆ? ಅಡಕೆ ಬೆಳೆಗಾರನು ತನ್ನ ಫಸಲನ್ನು ಮರದಲ್ಲಿರುವಾಗಲೇ ಚೇಣಿಗೆ ಕೊಡುವುದೇಕೆ? ಹಣದ ತುರ್ತಿನಿಂದಲೋ, ಆಳು ಸಿಕ್ಕದೆಯೋ, ಬೆಲೆಯ ಏರಿಳಿತಕ್ಕೆ ಹೆದರಿಯೋ? ರಾಶಿ, ಬೆಟ್ಟೆ, ಸರಕು, ಗೊರಬಲುಗಳ ಧಾರಣೆಗಳಲ್ಲಿ ಯಾವುದು ಮೊದಲು ಅಲುಗುತ್ತದೆ? ೧೯೩೯ರಿಂದ ನಡೆದುಬಂದ ಮಲೆನಾಡಿನ ಅಡಕೆ ಮಾರಾಟ ಸಹಕಾರ ಸಂಘವು ಸಣ್ಣ ಬೆಳೆಗಾರನನ್ನು ಮಂಡಿಯ ಸಾಲದಿಂದ ಎಷ್ಟು ಬಿಡಿಸಿತು? ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆ ೨೦೧೫ರ ಸುಮಾರಿಗೆ ನಿಂತಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು ೨೦೨೩ರಲ್ಲಿ ಪ್ರಕಟವಾಯಿತು. ಆ ಮನೆಗಳ ಮಕ್ಕಳು ಓದನ್ನು ಮುಂದುವರಿಸಿದರೆ? ಸಂಸಾರಗಳು ಎಲ್ಲಿಗೆ ಹೋದವು? ಪೇಟೆಯ ಅಂಗಡಿಗಳಲ್ಲಿ ಉದ್ದರಿ ಎಷ್ಟು ಬೆಳೆಯಿತು? ಇವುಗಳಿಗೆ ಹತ್ತು ವರ್ಷ ಬೆನ್ನುಹತ್ತಿ ಉತ್ತರವನ್ನು ತಂದವರಿಗೆ ಊರೇ ಋಣಿಯಾಗುವುದು. ಕಾಗದದ ಕಾರ್ಖಾನೆ ನಿಂತ ನೆರೆಯಲ್ಲಿ ಸಂಶೋಧನೆಯ ಕಾಗದ ಮಾತ್ರ ಬೆಳೆದರೆ ಸಾಲದು.

೭

ಹಾಗಾದರೆ ಅಳತೆ ಹೇಗಿರಬೇಕು? ನಮ್ಮ ಎಣಿಕೆಯಲ್ಲಿ ನಾಲ್ಕು ಪರೀಕ್ಷೆಗಳು ಸಾಕು. ಈ ಕೃತಿಯ ಪ್ರಶ್ನೆಗೆ ಉತ್ತರ ಮೊದಲೇ ತಿಳಿದಿತ್ತೆ, ಇಲ್ಲವೆ? ಪ್ರಮಾಣಗಳನ್ನು ಬೇರೊಬ್ಬರು ಮತ್ತೆ ಪರೀಕ್ಷಿಸಲು ಸಾಧ್ಯವಾಗುವಂತೆ ಇಟ್ಟಿದೆಯೆ? ತನ್ನ ಲೆಕ್ಕ ಎಲ್ಲಿ ಸಡಿಲವೆಂಬುದನ್ನು ಒಪ್ಪಿಕೊಂಡಿದೆಯೆ? ವಿಷಯಕ್ಕೆ ಸಂಬಂಧಪಟ್ಟ ಜನರಿಗೆ ಅವರ ಭಾಷೆಯಲ್ಲಿ ಸಾರವನ್ನು ಹೇಳಿದೆಯೆ? ಒಬ್ಬ ಅಧ್ಯಾಪಕನು ಐದು ವರ್ಷಗಳಲ್ಲಿ ತನ್ನ ಶ್ರೇಷ್ಠವೆಂದು ತೋರಿದ ಎರಡು ಬರವಣಿಗೆಗಳನ್ನು ಮಾತ್ರ ಮುಂದಿಡಲಿ. ಹೊರಗಿನ ಮೂವರು ಅವುಗಳನ್ನು ನಿಜವಾಗಿ ಓದಿ, ಕಾರಣಸಹಿತವಾದ ಅಭಿಪ್ರಾಯವನ್ನು ಬರೆದು, ತಮ್ಮ ಹೆಸರಿನೊಡನೆ ಪ್ರಕಟಿಸಲಿ. ಹೆಸರಿನೊಡನೆ ಪ್ರಕಟವಾಗುವುದರಿಂದ ಮುಖದಾಕ್ಷಿಣ್ಯಕ್ಕೆ ಅಂಕುಶವಿರುತ್ತದೆ. ಓದಿಯೇ ತೀರಬೇಕಾಗುವುದರಿಂದ ಎಣಿಕೆಯ ಕುರುಡುತನವೂ ಹೋಗುತ್ತದೆ. ಇದಕ್ಕೆ ಕಾಲ ಹಿಡಿಯುವುದೆಂಬ ಆಕ್ಷೇಪಣೆಗೆ ಉತ್ತರವಿಷ್ಟೇ: ಓದಲು ಯಾರಿಗೂ ಕಾಲವಿಲ್ಲದ ಬರವಣಿಗೆಯನ್ನು ಬರೆಯಿಸುವುದೇಕೆ?

ಅನುಕೂಲಗಳು ಹಿಂದಿಗಿಂತ ಹೆಚ್ಚಿವೆಯೆಂಬುದನ್ನೂ ಮರೆಯಬಾರದು. ೨೦೨೫ರ ಆರಂಭದಿಂದ ‘ಒಂದು ದೇಶ, ಒಂದು ಚಂದಾ’ ಎಂಬ ಯೋಜನೆಯಂತೆ ಸುಮಾರು ೧೩,೦೦೦ ಪತ್ರಿಕೆಗಳನ್ನು ಸರ್ಕಾರೀ ವಿದ್ಯಾಸಂಸ್ಥೆಗಳಿಗೆ ತೆರೆಯಲಾಯಿತು. ದಿಲ್ಲಿಯವರಿಗೆ ಸಿಕ್ಕುವ ಪತ್ರಿಕೆ ಶಂಕರಘಟ್ಟಕ್ಕೂ ಸಿಕ್ಕುವಂತಾದಾಗ ಓದಲು ಸಾಮಗ್ರಿಯಿಲ್ಲವೆಂಬ ಹಳೆಯ ನೆಪಕ್ಕೆ ಎಡೆಯಿಲ್ಲ. ಉಳಿದಿರುವುದು ಪ್ರಶ್ನೆ ಕೇಳುವ ಧೈರ್ಯವೂ ಕಾಯುವ ತಾಳ್ಮೆಯೂ.

ನಮ್ಮಂತಹ ಜಿಲ್ಲಾ ಸಂಘಗಳಿಗೂ ಇದರಲ್ಲಿ ಒಂದು ಪಾಲುಂಟು. ತಿಂಗಳಿಗೊಮ್ಮೆ, ಈ ಜಿಲ್ಲೆಯ ಬದುಕನ್ನು ಕುರಿತು ಬರೆದ ಒಂದು ಪ್ರಬಂಧವನ್ನು ಆರಿಸಿ, ಅದರ ಲೇಖಕರನ್ನೇ ಕರೆದು, ಬೆಳೆಗಾರರೂ ಮಂಡಿಯವರೂ ಕಾರ್ಖಾನೆಯ ಹಳೆಯ ಕೆಲಸಗಾರರೂ ಕುಳಿತ ಸಭೆಯಲ್ಲಿ ಕನ್ನಡದಲ್ಲಿ ಅದರ ಸಾರವನ್ನು ಹೇಳಿಸಬಹುದು. ಅಲ್ಲಿ ಏಳುವ ಪ್ರಶ್ನೆಗಳಿಗಿಂತ ಕಠಿನವಾದ ಪರೀಕ್ಷೆಯನ್ನು ಯಾವ ಪತ್ರಿಕೆಯೂ ನಡೆಸಲಾರದು. ಆ ಸಭೆಯಲ್ಲಿ ನಿಂತು ಉತ್ತರ ಕೊಟ್ಟ ತರುಣ ವಿದ್ವಾಂಸರಿಗೆ ಅಂಕ ಬೀಳದಿರಬಹುದು. ಆದರೆ ತಮ್ಮ ಲೆಕ್ಕ ಯಾರಿಗಾಗಿ ಎಂಬುದು ಅವರಿಗೆ ತಿಳಿಯುತ್ತದೆ. ಆ ಲೆಕ್ಕವನ್ನು ಇಟ್ಟವರು ಯಾರೆಂಬುದು ಜನಕ್ಕೂ ತಿಳಿಯುತ್ತದೆ. ಪಾಂಡಿತ್ಯದ ಇಳುವರಿ ಅಲ್ಲಿಂದ ಎಣಿಸಲ್ಪಡಲಿ.